ನೀರಿಗೆ ಬಾಂದುಕಲ್ಲಿಲ್ಲ

ಮೋಜಣಿ ಇಲಾಖೆಯಲ್ಲಿ ನೌಕರಿ ಮುಗಿಸಿದವನಿಗೆ ಅಲುಗಾಡುವ ವಸ್ತುಗಳ ಮೇಲೆ ಹಳೆಯದೊಂದು ಸಂಶಯ ಇರುತ್ತದೆ. ಹೊಲ ಅಲುಗಾಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನಮ್ಮ ಪಗಾರ ನಿಂತಿತ್ತು. ರಾತ್ರಿ ಹೊತ್ತು ಬಾಂದುಕಲ್ಲು ಒಂದು ಮೊಳ ಆಚೆ ನಡೆದು ಹೋಗುತ್ತಿತ್ತು, ನಿಜ. ಅದಕ್ಕೆ ಕಾಲು ಕೊಟ್ಟವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ನಾವು ಹೋಗಿ ಅದನ್ನು ಮತ್ತೆ ಮನೆ ಸೇರಿಸಿ ಬರುತ್ತಿದ್ದೆವು. ಮುಂಬಯಿ ಪ್ರಾಂತದ ಕಾಲದಿಂದ ಬಂದ ಸರಪಳಿ 33 ಅಡಿಯದು, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ನಮ್ಮ ಬೆಲ್ಲದ ಬಾಗೇವಾಡಿಯ ಸುತ್ತ ಕಬ್ಬು ಆಳೆತ್ತರ ಮೀರಿ ಬೆಳೆದು, ಎದುರಿಗೆ ನೆಟ್ಟ ಬಾವುಟವೇ ಕಾಣದಂತಾದಾಗಲೂ ಈ ಲೆಕ್ಕ ನಮ್ಮ ಕೈ ಬಿಡಲಿಲ್ಲ. ಒಂದು ಕಲ್ಲು ಸಿಕ್ಕರೆ ಸಾಕು, ಉಳಿದ ಭೂಮಿಯೆಲ್ಲ ಅದರಿಂದ ಬಿಚ್ಚಿಕೊಳ್ಳುತ್ತಿತ್ತು.

ಅಂಥವನು ನಿವೃತ್ತಿಯಾದ ಮೇಲೆ ಗಾಳದ ಚಟಕ್ಕೆ ಬಿದ್ದು ಹಿಡಕಲ್ ಜಲಾಶಯದ ನಡುವೆ ತೆಪ್ಪದಲ್ಲಿ ಕೂತಿದ್ದಾನೆ. ಕಾಲ ಕೆಳಗೆ ಕಲ್ಲಿಲ್ಲ, ಬದುವಿಲ್ಲ, ಸರ್ವೆ ನಂಬರಿಲ್ಲ. ಇದ್ದವು, ಈಗ ಎಲ್ಲವೂ ನೀರಿನ ಅಡಿ ಹೋಗಿವೆ.

ಘಟಪ್ರಭೆಗೆ ಕಟ್ಟಿದ ಈ ಆಣೆಕಟ್ಟಿಗೆ ಕಾಗದದ ಮೇಲಿನ ಹೆಸರು ರಾಜಾ ಲಖಮಗೌಡ ಜಲಾಶಯ. ವಂಟಮೂರಿಯ ಆ ದೇಸಾಯರ ಹೆಸರು ಬೆಳಗಾವಿಯ ಕಾನೂನು ಕಾಲೇಜಿಗೂ ಇದೆ. ಜನರ ಬಾಯಲ್ಲಿ ಮಾತ್ರ ಇದು ಹಿಡಕಲ್ ಡ್ಯಾಮು. ತುಂಬಿದರೆ 51 ಟಿಎಂಸಿ, ನೀರಿನ ಮಟ್ಟ 2,175 ಅಡಿ. ಕಾಲುವೆಗಳಿಗೆ ಕೊಟ್ಟು ಕೊಟ್ಟು ಬೇಸಿಗೆಯ ಹೊತ್ತಿಗೆ ಅದು ಹತ್ತಾರು ಅಡಿ ಇಳಿಯುತ್ತದೆ. ಆಗ ಹುನ್ನೂರಿನ ಮುಳುಗಿದ ವಿಠ್ಠಲ ಗುಡಿ ಮೊದಲು ಶಿಖರ, ಆಮೇಲೆ ಗೋಡೆ, ಕಡೆಗೆ ಕಟ್ಟೆಯ ಸಮೇತ ಹೊರಗೆ ಬರುತ್ತದೆ. ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಇಟ್ಟಂಗಿಯ ಮೇಲೆ ನಿಂತು ರೂಢಿಯಾದ ದೇವರ ಗುಡಿ. ನೀರು ಬಂತೆಂದು ಜಾಗ ಬಿಡಲಿಲ್ಲ. ಮಳೆ ಹಿಡಿದು ಹೊಳೆ ಬಂದ ಮೇಲೆ ಮತ್ತೆ ಒಳಗೆ. ಇಡೀ ಜಲಾಶಯದಲ್ಲಿ ನನ್ನ ವೃತ್ತಿಗೆ ಒಪ್ಪುವ ಗುರುತು ಅದೊಂದೇ, ಅದಕ್ಕೂ ವರ್ಷದ ಬಹುಪಾಲು ರಜೆ.

ತೆಪ್ಪದ ವಿಷಯಕ್ಕೆ ಬರುತ್ತೇನೆ. ತೆಪ್ಪ ದುಂಡಗಿದೆ, ಅದಕ್ಕೆ ಹಿಂದು ಮುಂದು ಎಂಬುದಿಲ್ಲ, ನೀರನ್ನು ಹಿಡಿದು ನಿಲ್ಲುವ ಏಣು ತಳದಲ್ಲಿಲ್ಲ. ಹಿಂದೆ ಬಿದಿರು ಹೆಣೆದು ಚರ್ಮ ಹೊದಿಸುತ್ತಿದ್ದರು, ಆಮೇಲೆ ಡಾಂಬರು ಬಳಿದ ತಾಡಪತ್ರಿ ಬಂತು, ಈಗ ಫೈಬರು. ಮೈ ಬದಲಾಯಿತೇ ವಿನಾ ಚಾಳಿ ಬದಲಾಗಲಿಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡೆ ಹೊಳೆ ದಾಟಿಸುವ ಬುಟ್ಟಿದೋಣಿಗಳನ್ನು ನೋಡಿದ್ದ. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಆದರೆ ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಐನೂರು ವರ್ಷದ ಮೇಲೆ ನಾನು ಆ ವರದಿಗೆ 'ಸ್ಥಳಕ್ಕೆ ಭೇಟಿ ಕೊಟ್ಟು ಪರಿಶೀಲಿಸಲಾಗಿದೆ, ಸರಿ ಇದೆ' ಎಂದು ರುಜು ಹಾಕಬಲ್ಲೆ.

ಹೊಳೆ ದಾಟುವವನಿಗೆ ತಿರುಗಿದರೇನು ತೊಂದರೆ? ಆಚೆ ದಡ ಸಿಕ್ಕರಾಯಿತು. ಗಾಳ ಹಾಕಿದವನ ಕಷ್ಟ ಬೇರೆ. ಕಣಕದ ಹಿಟ್ಟಿಗೆ ಸೇಂಗಾ ಹಿಂಡಿ, ಊರಿನ ಬೆಲ್ಲ ಸೇರಿಸಿ ನಾದಿ, ಕೊಕ್ಕೆಗೆ ಉಂಡೆ ಕಟ್ಟಿ ಮೂಡಣಕ್ಕೆ ಒಗೆದಿರುತ್ತೇನೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ತೆಪ್ಪ ತಿರುಗಿ, ನಾನು ಪಡುವಣಕ್ಕೆ ಮುಖ ಮಾಡಿ, ದಾರ ತೆಪ್ಪದ ಹೊಟ್ಟೆಗೆ ಸುತ್ತಿಕೊಂಡಿರುತ್ತದೆ. ಘಟ್ಟದ ಕಡೆಯಿಂದ ಪಡುಗಾಳಿ ಹೊರಟರೆ ಮುಗಿಯಿತು. ನೀರಿನ ಮೇಲೆ ಅದಕ್ಕೆ ಗಿಡವಿಲ್ಲ, ಗುಡ್ಡವಿಲ್ಲ. ಕೂತ ಮನುಷ್ಯರ ಬೆನ್ನೇ ಹಾಯಿ. ಬಿಸಿಲೆಂದು ಕೊಡೆ ಬಿಚ್ಚಿದಿರೋ, ಡ್ಯಾಮಿನ ಗೋಡೆ ತಾನಾಗಿಯೇ ನಿಮ್ಮನ್ನು ನೋಡಲು ಬರುತ್ತದೆ.

ಹಾಗಾದರೆ ಲಂಗರು ಹಾಕಬಾರದೇಕೆ? ಹಾಕಬಹುದು, ದಡದ ಹತ್ತಿರ ಹಾಕುತ್ತಾರೆ. ನಡುವೆ ಆಳ ಹೆಚ್ಚು, ಹಗ್ಗ ಸಾಲದು. ತಳದಲ್ಲಿ ಹಳೆಯ ಗಿಡಗಳ ಬೊಡ್ಡೆ, ಬಿದ್ದ ಗೋಡೆ, ಕಲ್ಲಿನ ಒಡ್ಡು ಇವೆ. ಲಂಗರು ಅವುಗಳಿಗೆ ಸಿಕ್ಕರೆ ಹಗ್ಗ ಕೊಯ್ದು ಬರುವುದೇ ಗತಿ. ಅದಕ್ಕಿಂತ ದೊಡ್ಡ ಮಾತು, ಮೀನು ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ರೋಹು ಕಾಟ್ಲಾಗಳ ಹಿಂಡು ಮೇಯುತ್ತ ಸಾಗುತ್ತದೆ. ನಾವು ನಿಂತುಬಿಟ್ಟರೆ ಅವು ದಾಟಿ ಹೋಗುತ್ತವೆ, ಓಡಿದರೆ ಅವುಗಳನ್ನು ನಾವೇ ದಾಟಿ ಹೋಗುತ್ತೇವೆ. ಬೇಕಾದದ್ದು ನಿಲ್ಲುವುದಲ್ಲ, ನಿಧಾನ. ನೌಕರಿಯುದ್ದಕ್ಕೂ ಕಲ್ಲು ನೆಟ್ಟವನಿಗೆ ಈ ಮಾತು ಅರಗಲು ಹೊತ್ತು ಹಿಡಿಯಿತು.

ಅರಗಿಸಿದವನು ನನ್ನ ತಂಗಿಯ ಮಗ. ಅವನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಹತ್ತು ಸಾವಿರ ಕೆರೆಗಳ ನಾಡೆಂದು ಆ ರಾಜ್ಯದವರು ತಮ್ಮ ಗಾಡಿಗಳ ನಂಬರ್ ಫಲಕದ ಮೇಲೆಯೇ ಬರೆಸಿಕೊಂಡಿದ್ದಾರೆ. ಹತ್ತು ಎಕರೆಗಿಂತ ದೊಡ್ಡ ಕೆರೆಗಳನ್ನಷ್ಟೇ ಎಣಿಸಿದರೆ 11,842 ಅಂತೆ. ಇದ್ದುದಕ್ಕಿಂತ ಕಡಿಮೆ ಬರೆಸುವ ಖಾತೆದಾರರನ್ನು ನಾನು ಕಂಡದ್ದು ಅದೇ ಮೊದಲು. ಅಲ್ಲಿಯವರು ವಾಲೈ ಎಂಬ ಮೀನಿನ ಹಿಂದೆ ಬಿದ್ದು, ಗಾಳಿಗೆ ದೋಣಿ ಬಿಟ್ಟು, ಅದರ ವೇಗಕ್ಕೆ ಕಡಿವಾಣ ಹಾಕಲು ನೀರಿಗೆ ಒಂದು ಬಟ್ಟೆಯ ಚೀಲ ಇಳಿಬಿಡುತ್ತಾರೆ. ಡ್ರಿಫ್ಟ್ ಸಾಕ್ ಎಂದು ಅದರ ಹೆಸರು. ಒಂದು ಸಲ ಊರಿಗೆ ಬಂದಾಗ ಅವನು ಅದನ್ನೂ, ಜತೆಗೆ ಕಿತ್ತಳೆ ಬಣ್ಣದ ಎರಡು ಗುರುತಿನ ಬೆಂಡುಗಳನ್ನೂ ತಂದುಕೊಟ್ಟ. ಮನೆಯಾಕೆ ಚೀಲವನ್ನು ಬಿಡಿಸಿ, ಅಡಿಯಲ್ಲಿ ತೂತು ನೋಡಿ, "ಇಷ್ಟ ದೂರದಿಂದ ಹರಕ ಚೀಲಾ ತಂದಾನ ನೋಡ್ರಿ, ಪಾಪ" ಎಂದು ಮರುಗಿದಳು.

ತೂತೇ ಅದರ ಜೀವಾಳ. ಶಂಕುವಿನ ಆಕಾರದ ಚೀಲ. ಅಗಲ ಬಾಯಿ ದೋಣಿಯ ಕಡೆ, ಕಿರಿದಾದ ಬಾಲ ಆಚೆ. ಗಾಳಿ ಬರುವ ದಿಕ್ಕಿನ ಅಂಚಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟರೆ ಅದು ಬಾಯ್ತೆರೆದು ತುಂಬಿಕೊಳ್ಳುತ್ತದೆ. ಗಾಳಿ ನೂಕುವುದು ನೀರಿನ ಮೇಲಿದ್ದ ನಮ್ಮನ್ನು, ಚೀಲ ಇರುವುದು ಗಾಳಿ ಮುಟ್ಟಲಾರದ ಕಡೆ. ತೆಪ್ಪ ಸರಿಯಬೇಕಾದರೆ ಅಷ್ಟು ನೀರನ್ನೂ ಎಳೆದುಕೊಂಡೇ ಸರಿಯಬೇಕು. ಎಳೆತದ ಲೆಕ್ಕವೂ ಸೊಗಸಾದದ್ದು: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಗಾಳಿ ಹೆಚ್ಚಾದಷ್ಟೂ ಚೀಲ ತಾನಾಗಿ ಜಗ್ಗುತ್ತದೆ, ತಂಗಾಳಿಯಲ್ಲಿ ಸುಮ್ಮನೆ ಹಿಂಬಾಲಿಸುತ್ತದೆ. ಬಾಲದ ತೂತಿನಿಂದ ಒಂದಿಷ್ಟು ನೀರು ಹಾದು ಹೋಗುತ್ತಿದ್ದರೆ ಚೀಲ ಸ್ಥಿರವಾಗಿ ನಿಲ್ಲುತ್ತದೆ. ತೂತಿಲ್ಲದ ಚೀಲ ತುಂಬಿದ ಮೇಲೆ ಅತ್ತಿತ್ತ ಹೊಯ್ದಾಡಿ ತೆಪ್ಪವನ್ನೂ ಅಲುಗಿಸುತ್ತದೆ. ದುಂಡು ತೆಪ್ಪಕ್ಕೆ ಇನ್ನೊಂದು ಉಪಕಾರವುಂಟು. ಹಗ್ಗ ಕಟ್ಟಿದ ಅಂಚು ಯಾವಾಗಲೂ ಗಾಳಿಗೆ ಎದುರಾಗಿರುತ್ತದೆ, ಹಾಗಾಗಿ ಹುಟ್ಟಾ ಇಲ್ಲದಿದ್ದ ಹಿಂದು ಮುಂದು ತೆಪ್ಪಕ್ಕೆ ಬಂದುಬಿಡುತ್ತದೆ. ಪಾಯಸ್ ಕಂಡಿದ್ದ ಗಿರಕಿ ನಿಲ್ಲುತ್ತದೆ.

ನಾನು ಹೋಗುವುದು ಪರವಾನಿಗೆ ಇರುವ ಮೀನುಗಾರನೊಬ್ಬನ ತೆಪ್ಪದಲ್ಲಿ. ಅಂಬಿಗರ ಹುಡುಗ, ಮಾತು ಕಡಿಮೆ. ಚೀಲವನ್ನು ತಿರುವಿ ತಿರುವಿ ನೋಡಿದ. ಬೆಲೆ ಕೇಳಿದ, ಹೇಳಿದೆ.

"ಇದರಾಗ ಯೂರಿಯಾ ಎಷ್ಟ ಹಿಡಿತೈತ್ರಿ, ಸಾಹೇಬ್ರ?"

ಯೂರಿಯಾ ಏಕೆ ಬಂತು ಎಂದು ನಾನು ಯೋಚಿಸುತ್ತಿರುವಾಗ ಅವನು ತೆಪ್ಪದ ಮೂಲೆಯಿಂದ (ದುಂಡು ತೆಪ್ಪಕ್ಕೂ ಅವನ ಲೆಕ್ಕದಲ್ಲಿ ಮೂಲೆಯಿದೆ) ತನ್ನದನ್ನು ಎಳೆದು ತೋರಿಸಿದ. 45 ಕಿಲೋದ ಯೂರಿಯಾ ಚೀಲ. ಬಾಯಿಗೆ ಮಕ್ಕಳ ಸೈಕಲ್ಲಿನ ರಿಮ್ಮು ಇಟ್ಟು ಹೊಲಿದಿದ್ದಾನೆ, ಕೆಳಗಿನ ಎರಡೂ ತುದಿ ಕತ್ತರಿಸಿದ್ದಾನೆ. ಒಬ್ಬನೇ ಬಲೆ ಬಿಡುವಾಗ ಒಂದು ಕೈಯಲ್ಲಿ ಬಲೆ, ಒಂದು ಕೈಯಲ್ಲಿ ಹುಟ್ಟು. ಗಾಳಿ ತೆಪ್ಪವನ್ನು ಓಡಿಸಿದರೆ ಬಲೆ ಸಿಂಬಿಯಾಗಿ ಬೀಳುತ್ತದೆ. ಇದನ್ನು ಇಳಿಬಿಟ್ಟರೆ ಬಲೆ ನೆಟ್ಟಗೆ ಹಾಸಿಕೊಂಡು ಹೋಗುತ್ತದಂತೆ. ನಾನು ಸುಮ್ಮನಿರಲಾರದೆ ಅಳತೆ ತೆಗೆದೆ. ಬಾಯಿಯ ವಿಸ್ತೀರ್ಣ ಸುಮಾರು ಒಂದು ಚದರ ಅಡಿ, ಒಂದು ಗುಂಟೆಯ 1,089 ಪಾಲಿನಲ್ಲಿ ಒಂದೇ ಪಾಲು. ಇಷ್ಟು ಚಿಕ್ಕ ಹಿಡುವಳಿ ಇಬ್ಬರು ಆಳನ್ನು ಹಿಡಿದು ನಿಲ್ಲಿಸಿದ್ದನ್ನು ನನ್ನ ದಫ್ತರಿನಲ್ಲಿ ಎಲ್ಲಿಯೂ ಕಂಡಿಲ್ಲ.

ಅಮೆರಿಕದ ಚೀಲದಲ್ಲಿ ಅವನು ಒಪ್ಪಿದ್ದು ಒಂದೇ ವಿಷಯ, ಬಾಲಕ್ಕೆ ಕಟ್ಟಿದ ಎರಡನೆಯ ಹಗ್ಗ. ತುಂಬಿದ ಚೀಲವನ್ನು ಬಾಯಿ ಹಿಡಿದು ಎತ್ತಲಾಗದು. ಅವನ ಯೂರಿಯಾ ಚೀಲದಲ್ಲೇ ತೊಂಬತ್ತು ಲೀಟರಿನಷ್ಟು ನೀರು ಇರುತ್ತದೆ. ನೀರೊಳಗೆ ಅದಕ್ಕೆ ತೂಕವಿಲ್ಲ, ಹೊರಗೆ ಎಳೆದ ಕ್ಷಣ ತೊಂಬತ್ತು ಕಿಲೋ. ದೊಡ್ಡ ಕಾಟ್ಲಾ ಗಾಳಕ್ಕೆ ಬಿದ್ದಾಗ ಅದು ಸೀದಾ ಚೀಲದ ಹಗ್ಗದ ಕಡೆಗೇ ನುಗ್ಗುತ್ತದೆ. ಆಗ ಬಾಲದ ಹಗ್ಗ ಜಗ್ಗಿದರೆ ಚೀಲ ತಲೆಕೆಳಗಾಗಿ, ನೀರು ಚೆಲ್ಲಿ, ಹಸಿ ಅರಿವೆಯಾಗಿ ಕೈಗೆ ಬರುತ್ತದೆ. ಹುಡುಗ ಅಂದೇ ತನ್ನದಕ್ಕೂ ಒಂದು ಬಾಲದ ಹಗ್ಗ ಬಿಗಿದ. ಗಾಳಗಳನ್ನು ಮಾತ್ರ ಚೀಲವಿಲ್ಲದ ಕಡೆಗೇ ಒಗೆಯಬೇಕು, ಗಾಳಿ ಹೋಗುವ ದಿಕ್ಕಿಗೆ. ತೆಪ್ಪ ಮೆಲ್ಲಗೆ ಅವುಗಳ ಬಳಿಗೆ ಹೋಗುತ್ತದೆ.

ನೀರನ್ನೇ ಹಿಡಿದು ನೀರಿನಲ್ಲಿ ನಿಲ್ಲುವ ಈ ಯುಕ್ತಿ ಯೂರಿಯಾಕ್ಕಿಂತ, ಅಮೆರಿಕಕ್ಕಿಂತ ಬಹಳ ಹಳೆಯದು. ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆ ಗ್ರೀಕರ ಹೆರೊಡೋಟಸ್ ನೈಲ್ ನದಿಯ ಸರಕಿನ ದೋಣಿಗಳನ್ನು ವರ್ಣಿಸಿದ್ದಾನೆ. ಹೊಳೆ ಇಳಿಯುವಾಗ ಮರ ಮತ್ತು ಜೊಂಡಿನ ಚಾಪೆಯಿಂದ ಮಾಡಿದ ಹಲಗೆಯೊಂದನ್ನು ಮುಂದೆ ಹಗ್ಗ ಕಟ್ಟಿ ಬಿಡುತ್ತಿದ್ದರಂತೆ, ಪ್ರವಾಹ ಅದನ್ನೂ ಅದು ದೋಣಿಯನ್ನೂ ಎಳೆಯಲಿ ಎಂದು. ಹಿಂದೆ ತೂತು ಕೊರೆದ ಭಾರದ ಕಲ್ಲು, ತಳದಲ್ಲಿ ಎಳೆದಾಡುತ್ತ ದೋಣಿಯನ್ನು ನೆಟ್ಟಗಿಡಲಿ ಎಂದು. ಬಾಬಿಲೋನಿನ ದುಂಡನೆಯ ಚರ್ಮದ ದೋಣಿಗಳನ್ನು ಕಂಡು ಬರೆದವನೂ ಇವನೇ. ಪ್ರತಿ ದೋಣಿಯಲ್ಲಿ ಒಂದು ಕತ್ತೆ ಇರುತ್ತಿತ್ತಂತೆ; ಊರು ಮುಟ್ಟಿದ ಮೇಲೆ ಚೌಕಟ್ಟು ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ, ನೆಲದ ದಾರಿಯಲ್ಲಿ ಹಿಂತಿರುಗುತ್ತಿದ್ದರಂತೆ, ಏಕೆಂದರೆ ಪ್ರವಾಹಕ್ಕೆ ಎದುರಾಗಿ ಬರುವುದು ಆಗದ ಮಾತು. ಆ ಕತ್ತೆಯ ಸ್ಥಾನದಲ್ಲಿ ನಾನು ಎಷ್ಟೋ ಸಲ ನನ್ನನ್ನು ಇಟ್ಟು ನೋಡಿದ್ದೇನೆ. ಇನ್ನು ಕಡಲಿನಲ್ಲಿ ಇದೇ ಚೀಲ ಜೀವ ಕಾಯುತ್ತದೆ. 1901ರಲ್ಲಿ ಜಾನ್ ವಾಸ್ ಎಂಬ ಕ್ಯಾಪ್ಟನ್ ಕೆನಡಾದ ವಿಕ್ಟೋರಿಯಾದಿಂದ 'ತಿಲಿಕಮ್' ಎಂಬ ದೋಣಿಯಲ್ಲಿ ಹೊರಟ. ಅದು ಒಂದೇ ಮರದ ದಿಮ್ಮಿ ಕೊರೆದು ಮಾಡಿದ್ದು. 1904ರಲ್ಲಿ ಇಂಗ್ಲೆಂಡ್ ಮುಟ್ಟಿದ. ಬಿರುಗಾಳಿಯಲ್ಲಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದದ್ದು ನೀರಿಗೆ ಇಳಿಬಿಟ್ಟ ಕ್ಯಾನ್ವಾಸ್ ಚೀಲವೇ. ನಮ್ಮ ಹುಡುಗನಿಗೆ ಈ ಕಥೆ ಹೇಳಿದೆ. "ಅಂಥಾ ಗಾಳ್ಯಾಗ ನಾವು ತೆಪ್ಪಾನ ಇಳಸಂಗಿಲ್ರಿ" ಎಂದ. ವಾಸ್‌ಗಿಂತ ಇವನೇ ಜಾಣ.

ಚೀಲ ನಿಧಾನವಾಗಿಸುತ್ತದೆ, ಸರಿ. ಆದರೆ ನಿಧಾನವಾಗಿ ಹೋಗುತ್ತಿರುವುದು ಎಲ್ಲಿಗೆ, ಬಂದದ್ದು ಎಲ್ಲಿಂದ? ನೀರಿನ ಮೇಲೆ ಐದು ನಿಮಿಷ ಹಿಂದಿನ ಜಾಗ ಯಾವುದೆಂದು ಹೇಳುವ ಧೈರ್ಯ ಯಾರಿಗೂ ಇರಬಾರದು. ಒಂದು ಕಡೆ ಮೀನು ಕಚ್ಚಿತು, ಮತ್ತೆ ಅಲ್ಲಿಗೇ ಬರಬೇಕು. ದಡದ ಗುರುತು ಹಿಡಿಯುವುದು ಒಂದು ದಾರಿ: ಆ ಬೇವಿನ ಗಿಡ, ಅದರ ಹಿಂದಿನ ಗುಡ್ಡದ ನೆತ್ತಿ ಒಂದು ಗೆರೆಗೆ ಬರಬೇಕು, ಇನ್ನೊಂದು ಪಕ್ಕದಲ್ಲಿ ಗುಡಿ ಮತ್ತು ವಿದ್ಯುತ್ ಕಂಬ ಒಂದು ಗೆರೆಗೆ. ಎರಡು ಗೆರೆ ಕೂಡಿದಲ್ಲಿ ನಾವು. ಇದನ್ನು ನಾನು ಸಂಬಳ ತೆಗೆದುಕೊಂಡು ಕಲಿತೆ, ಹುಡುಗ ಅವರಪ್ಪನ ಬೆನ್ನ ಹಿಂದೆ ಕೂತು ಕಲಿತ. ಮಂಜು ಕವಿದಾಗ, ಕತ್ತಲಾದಾಗ ಅದು ನಡೆಯುವುದಿಲ್ಲ. ಅದಕ್ಕೇ ಬೆಂಡು.

ಅಳಿಯ ತಂದ ಬೆಂಡು ಇಂಗ್ಲಿಷಿನ ಎಚ್ ಅಕ್ಷರದ ಆಕಾರದ್ದು. ನಡುವೆ ದಾರ ಸುತ್ತಿದೆ, ದಾರದ ತುದಿಗೆ ಸೀಸದ ಗುಂಡು. ನೀರಿಗೆ ಒಗೆದರೆ ಗುಂಡು ಇಳಿಯುತ್ತ ದಾರವನ್ನು ಜಗ್ಗುತ್ತದೆ, ಬೆಂಡು ಮಗುಚಿ ಮಗುಚಿ ದಾರ ಬಿಡುತ್ತದೆ. ಗುಂಡು ತಳ ಮುಟ್ಟಿದೊಡನೆ ಜಗ್ಗುವುದು ನಿಲ್ಲುತ್ತದೆ, ಚಪ್ಪಟೆ ಬೆಂಡು ಮಗ್ಗುಲು ಹೊರಳದೆ ಬಿದ್ದಿರುತ್ತದೆ. ಎಷ್ಟು ಆಳವೋ ಅಷ್ಟೇ ದಾರ. ಬಾಟಲಿಗೆ ದಾರ ಸುತ್ತಿದರೆ ಈ ಗುಣವಿಲ್ಲ. ಅದು ದುಂಡಗಿರುವುದರಿಂದ ತೆರೆಗೆ ಉರುಳುತ್ತ ದಾರವನ್ನೆಲ್ಲ ಬಿಟ್ಟುಕೊಡುತ್ತದೆ. ಹುಡುಗನ ಬಳಿ ಇದಕ್ಕೂ ಉತ್ತರವಿತ್ತು: ಹಳೆಯ ಹವಾಯಿ ಚಪ್ಪಲಿ. ಚಪ್ಪಟೆ ಇದೆ, ತೇಲುತ್ತದೆ, ನಡು ಸಣ್ಣಗಿದೆ. ಆ ನಡುವಿಗೆ ದಾರ ಸುತ್ತಿ ಇಟ್ಟಂಗಿಯ ಚೂರು ಕಟ್ಟಿದರೆ ಆಯಿತು. ಮಿನೆಸೋಟಾದ ಕಾರ್ಖಾನೆಯವರು ಎಷ್ಟು ನಕ್ಷೆ ಗೀಚಿ ಆ ಆಕಾರಕ್ಕೆ ಬಂದರೋ, ಮನುಷ್ಯನ ಪಾದ ಮೊದಲೇ ಅಲ್ಲಿಗೆ ಬಂದಿತ್ತು.

ಬೆಂಡು ಒಗೆಯುವುದರಲ್ಲೂ ಒಂದು ನೀತಿಯಿದೆ, ಅದು ನನ್ನ ಕಸುಬಿಗೆ ತೀರ ವಿರುದ್ಧ. ಬಾಂದುಕಲ್ಲನ್ನು ಗಡಿಯ ಮೇಲೆಯೇ ನೆಡಬೇಕು. ಬೆಂಡನ್ನು ಮೀನಿನ ಮೇಲೆ ಒಗೆಯಬಾರದು. ಧಡ್ ಎಂದು ಸೀಸ ಬಿದ್ದರೆ ಹಿಂಡು ಚದುರುತ್ತದೆ, ಗಾಳಕ್ಕೆ ಬಿದ್ದ ಮೀನು ಅದರ ದಾರಕ್ಕೇ ಸುತ್ತಿಕೊಳ್ಳುತ್ತದೆ. ಅದಕ್ಕೆ ಒಂದಿಷ್ಟು ಪಕ್ಕಕ್ಕೆ, ನೀವು ಹಾಯುವ ದಾರಿಯಿಂದ ಆಚೆಗೆ ಒಗೆದು, 'ಬೆಂಡಿನಿಂದ ಎರಡು ಹುಟ್ಟು ಬಡಗಣಕ್ಕೆ' ಎಂದು ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಆಮೇಲೆ ದೂರದಿಂದ ಸುತ್ತು ಹಾಕಿ ಗಾಳಿಯ ತಲೆಗೆ ಹೋಗಿ, ಚೀಲ ಇಳಿಬಿಟ್ಟು, ಸದ್ದಿಲ್ಲದೆ ಆ ಜಾಗದ ಮೇಲೆ ಹಾಯಬೇಕು. ಎರಡು ಬೆಂಡಿದ್ದರೆ ಇನ್ನೂ ಒಳ್ಳೆಯದು, ಎರಡರ ನಡುವಿನ ಗೆರೆ ಸಿಗುತ್ತದೆ.

ಎಲ್ಲ ಬೆಂಡುಗಳೂ ಮೀನಿನವಲ್ಲ. ಹಳದಿ ಎಣ್ಣೆ ಡಬ್ಬಿ ಒಬ್ಬನದು, ಥರ್ಮೋಕೋಲಿಗೆ ಕೆಂಪು ಅರಿವೆ ಸುತ್ತಿದ್ದು ಇನ್ನೊಬ್ಬನದು. ಅವು ಬಲೆಯ ತಲೆ ಬಾಲ ತೋರಿಸುತ್ತವೆ. ಕೆಲವು ಮಾತ್ರ ಬಲೆಗೆ ಸಂಬಂಧವಿಲ್ಲದವು. ಒಂದು ಡಬ್ಬಿಯನ್ನು ತೋರಿಸಿ ಕೇಳಿದೆ. ಹುಡುಗನ ಅಪ್ಪ ಆ ದಿನ ಜತೆಗಿದ್ದರು. "ಅದು ನಮ್ಮ ಬಾವಿ" ಎಂದರು. ಕಲ್ಲು ಕಟ್ಟಿದ ಬಾವಿಯ ದಂಡೆ ತಳದಲ್ಲಿದೆ, ಬಲೆ ಸಿಕ್ಕರೆ ಹರಿಯುತ್ತದೆ, ಯಾರೂ ಅಲ್ಲಿ ಬಿಡಬಾರದೆಂದು ಗುರುತು. ನಾನು ಅವರನ್ನು ಕೆದಕುತ್ತ ಹೋದೆ. ಆಚೆಗೆ ಇವರ ಹುಣಸೆ ಗಿಡದ ಬೊಡ್ಡೆ, ಈಚೆಗೆ ಮತ್ತೊಬ್ಬರ ಕಣ, ಅದರ ಕೆಳಗೆ ಗಾಡಿ ದಾರಿ. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿಟ್ಟುಕೊಂಡು, ಮಳೆಗಾಲಕ್ಕೆ ಮುಂಚೆ ಡಬ್ಬಿ ಕಟ್ಟಿ ಬರುತ್ತಾರೆ. ಪರಿಹಾರ ಕೊಟ್ಟು ಸರಕಾರ ದಫ್ತರಿನಿಂದ ತೆಗೆದುಹಾಕಿದ ಸರ್ವೆ ನಂಬರುಗಳು ಎಣ್ಣೆ ಡಬ್ಬಿ, ಚಪ್ಪಲಿಗಳ ರೂಪದಲ್ಲಿ ನೀರಿನ ಮೇಲೆ ತೇಲುತ್ತಿದ್ದವು. ನಾನು ನೋಡಿದ ಅಳತೆಗಳಲ್ಲಿ ಅಷ್ಟು ಸಾಚಾ ಇನ್ನೊಂದಿಲ್ಲ. ಯಾಕೆಂದರೆ ಇಲ್ಲಿ ತಪ್ಪು ಅಳೆದವನ ಬಲೆ ಹರಿಯುತ್ತದೆ. ನಮ್ಮಲ್ಲಿ ತಪ್ಪು ಅಳೆದರೆ ಹರಿಯುತ್ತಿದ್ದುದು ರೈತನ ಅಂಗಿ.

ಡಿಸೆಂಬರಿನ ಹೊತ್ತಿಗೆ ಒಂದು ಜಗಳ ನನ್ನ ಕೈಗೆ ಬಂತು. ಇಬ್ಬರು ಮೀನುಗಾರರ ಬೆಂಡುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು. ರಾತ್ರಿ ಬಂದು ಬೆಂಡು ಸರಿಸಿದ್ದಾನೆ ಎಂದು ಅವನು, ನಾನ್ಯಾಕೆ ಸರಿಸಲಿ ಎಂದು ಇವನು. ನನ್ನ ಹಳೆಯ ನೌಕರಿಯ ಸುದ್ದಿ ಹುಡುಗನಿಂದ ದಂಡೆಗೆಲ್ಲ ತಲುಪಿತ್ತು. "ಸಾಹೇಬ್ರ, ನೀವs ಅಳದು ಹೇಳ್ರಿ" ಎಂದು ನಡುವೆ ಕೂರಿಸಿದರು. ಎಷ್ಟೋ ದಿನದ ಮೇಲೆ ನನಗೆ ನೆಟ್ಟಗೆ ಕೂರುವಂಥ ಪ್ರಸಂಗ. ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ನೀರು ತುಂಬಿದ್ದಾಗ ನಿಮ್ಮ ಹಗ್ಗ 40 ಅಡಿ, ನೀರೂ 40 ಅಡಿ; ಬೆಂಡು ಕಲ್ಲಿನ ನೆತ್ತಿಯ ಮೇಲೆಯೇ ಇತ್ತು. ಈಗ ನೀರು ಇಳಿದು 30 ಅಡಿಯಾಗಿದೆ, ಹಗ್ಗ ಅಷ್ಟೇ ಇದೆ. ಉಳಿದ ಹಗ್ಗದ ಬಲದಿಂದ ಬೆಂಡು ಗಾಳಿ ಬಂದ ಕಡೆಯಿಂದ ಆಚೆಗೆ 26 ಅಡಿಯವರೆಗೆ ಹೋಗಬಹುದು, ಗಾಳಿ ತಿರುಗಿದರೆ ಈಚೆಗೂ ಅಷ್ಟೇ. ಕಲ್ಲು ಕದಲಿಲ್ಲ, ಯಾರೂ ಕದಲಿಸಿಲ್ಲ. ಸುತ್ತೆಲ್ಲ ಲೆಕ್ಕ ಹಾಕಿದರೆ ಒಂದೊಂದು ಬೆಂಡಿನ ತಿರುಗಾಟವೇ ಎರಡು ಗುಂಟೆ ಆಗುತ್ತದೆ. ಹಗ್ಗ ಬಿಗಿ ಮಾಡಿಕೊಳ್ಳಿ, ಜಗಳ ಮುಗಿಯುತ್ತದೆ.

ಇಬ್ಬರೂ ಗೀಚಿದ್ದನ್ನು ನೋಡಿದರು. ಒಬ್ಬ ತಲೆ ಕೆರೆದುಕೊಂಡು ಕೇಳಿದ:

"ಎರಡು ಗುಂಟೆ ಅಂದ್ರಲ್ರಿ, ಅದರ ಉತಾರ ಯಾರ ಹೆಸರಿಗ್ರಿ?"